ಹರೇದ ಗುಳ್ಳಿ

ಎಪ್ಪತ್ತರ ದಶಕದ ನಡುವಿನ ಮಾತು. ಹುನಗುಂದದ ಹಳೆಯ ಓಣಿಯೊಂದರಲ್ಲಿ ದಸ್ತಗೀರಸಾಬರ ಗರಡಿ ಮನೆ ಇತ್ತು. ಎಂಥ ಪೈಲವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ತಗ್ಗಿನ ಬಾಗಿಲು. ಒಳಗೆ ಎಣ್ಣೆ, ಅರಿಸಿನ, ಮಜ್ಜಿಗೆ ಕಲೆಸಿ ಹದ ಮಾಡಿದ ಕೆಮ್ಮಣ್ಣಿನ ಕಣ. ಹುಡುಗರು ಅದಕ್ಕೆ ಮಟ್ಟಿ ಅನ್ನುತ್ತಿದ್ದರು. ಗೂಡಿನಲ್ಲಿ ಹನುಮಪ್ಪನ ಪಟ, ಅದರ ಮುಂದೆ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವವರು ದಸ್ತಗೀರಸಾಬರೇ. ಅದನ್ನು ಕಂಡು ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ಹುಡುಗರ ಬಾಯಲ್ಲಿ ಅವರು ಉಸ್ತಾದರು, ವಯಸ್ಸು ಆಗಲೇ ಅರವತ್ತರ ಹತ್ತಿರ. ಮಟ್ಟಿಗೆ ಇಳಿದು ಕುಸ್ತಿ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಟ್ಟೆಯ ಮೇಲೆ ಕೂತು ಹುಡುಗರ ಕಾಲು, ಸೊಂಟ ನೋಡುವರು. ಪೈಲವಾನನ ಮುಖದಲ್ಲಿ ನೋಡುವುದೇನೂ ಇಲ್ಲ, ಅವನ ಎಲ್ಲಾ ಲೆಕ್ಕವೂ ಕಾಲಿನಲ್ಲೇ ಇರುತ್ತದೆ ಅನ್ನುವುದು ಅವರ ನಂಬಿಕೆ. ಹಾಗಾಗಿ ಹುಲ್ಲಪ್ಪನ ಮುಖದ ಮೇಲೆ ಏನಾಗುತ್ತಿದೆ ಅನ್ನುವುದು ಅವರಿಗೆ ಎಲ್ಲರಿಗಿಂತ ಕಡೆಗೆ ಗೊತ್ತಾಯಿತು.

ಹುಲ್ಲಪ್ಪ ಕಲಾದಗಿಯವನು. ತಂದೆ ಮಲಕಪ್ಪ ಕುರಿ ಹೊಡೆದುಕೊಂಡು ವರ್ಷದ ಅರ್ಧ ದಿನ ಅಡವಿಯಲ್ಲೇ ಇರುವವನು. ತಾಯಿ ಮಾಯವ್ವ, ಪೇರಲ ತೋಟಗಳಲ್ಲಿ ಕೂಲಿ. ಮಗನ ಮೈಕಟ್ಟು ನೋಡಿ ಅವನ ಸೋದರಮಾವನೇ ಕರೆತಂದು ಗರಡಿಗೆ ಬಿಟ್ಟುಹೋಗಿದ್ದ. ಬಂದಾಗ ಹದಿನೇಳರ ಹುಡುಗ, ಮುಖ ತೊಳೆದ ತಾಮ್ರದ ತಾಬಾಣದ ಹಾಗೆ ನುಣ್ಣಗೆ ಇತ್ತು. ಮಾತು ಕಡಿಮೆ. ಗರಡಿಯ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ, ಉಸ್ತಾದರ ಮನೆಯಲ್ಲಿ ಉಣ್ಣುತ್ತಿದ್ದ. ಉಸ್ತಾದರ ಹೆಂಡತಿ ಹಸನಬಿ ಬಡಿದು ಹಾಕಿದ ರೊಟ್ಟಿಗೆ ತಲೆ ಎತ್ತದೆ "ಸಾಕ್ರಿ ಯವ್ವಾ" ಅನ್ನುವನು, ಹಾಕಿದರೆ ತಿನ್ನುವನು.

ವರ್ಷ ಕಳೆಯುವುದರೊಳಗೆ ಅವನ ಹಣೆಯ ಮೇಲೆ ಮೊಡವಿ ಎದ್ದವು. ಆಮೇಲೆ ಗಲ್ಲ, ಗದ್ದ, ಬೆನ್ನು, ಹೆಗಲು. ಕೆಂಪಗೆ, ದಪ್ಪಗೆ, ಕೆಲವಕ್ಕೆ ಬಿಳಿ ತುದಿ. ಮಾಲಿಶ್ ಮಾಡುವಾಗ ಅವನ ಬೆನ್ನು ಮುಟ್ಟಲು ಹುಡುಗರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಒಂದು ಮುಂಜಾನೆ ಉಸ್ತಾದರು ಜೋಡಿ ಹಚ್ಚುತ್ತಿದ್ದಾಗ, ಹುಲ್ಲಪ್ಪನ ಎದುರು ನಿಲ್ಲಬೇಕಿದ್ದ ಹೊಳಬಸಪ್ಪ ಎಂಬ ಹುಡುಗ ಕಣದಿಂದ ಹಿಂದೆ ಸರಿದ.

"ನಾ ಇವನ ಜೋಡಿ ಹಿಡಿಯೂದಿಲ್ರಿ ಉಸ್ತಾದರ."

"ಯಾಕೋ?"

"ಅವನ ಮಾರಿ ನೋಡ್ರಿ. ಮೈಗೆ ಮೈ ತಿಕ್ಕಿದ್ರ ನಮಗೂ ಹತ್ತತೈತಿ."

ಯಾರೂ ನಗಲಿಲ್ಲ. ಹುಲ್ಲಪ್ಪ ಕಣದ ನಡುವೆ ನಿಂತೇ ಇದ್ದ, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ತಿಳಿಯದವನ ಹಾಗೆ. ಉಸ್ತಾದರು ಆವತ್ತು ಮೊದಲ ಬಾರಿಗೆ ಅವನ ಮುಖ ನೋಡಿದರು.

ಮಧ್ಯಾಹ್ನ ಹೊಳಬಸಪ್ಪನ ಅಜ್ಜ ಅಂದಾನಪ್ಪ ಬಂದರು. ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟವರು, ಗರಡಿಗೆ ಎಣ್ಣೆ ಡಬ್ಬಿ ಅವರದೇ. ಕೆಟ್ಟ ಮನುಷ್ಯರಲ್ಲ, ಮೊಮ್ಮಗನೆಂದರೆ ಜೀವ.

"ಉಸ್ತಾದರ, ನಮ್ಮ ಹುಡುಗಗ ಇಲಕಲ್ಲಿನ್ಯಾಗ ಕನ್ಯಾ ನೋಡಾಕ ಹತ್ತೀವಿ. ಈಗ ಮಾರಿ ಕೆಟ್ರ ಹೆಂಗ್ರಿ? ಆ ಹುಡುಗನ್ನ ಬಿಡಸ್ರಿ ಅಂತ ನಾ ಹೇಳೂದಿಲ್ಲ. ಅದು ಮಾಯೂತನಕರ ಮಟ್ಟಿಗೆ ಇಳಿಸಬ್ಯಾಡ್ರಿ."

ದಸ್ತಗೀರಸಾಬರು ಗಡ್ಡ ನೀವಿಕೊಂಡರು. ಬೇರೆ ಯಾವ ಮಾತಾಗಿದ್ದರೂ ಅವರು ಎದುರಾಡುತ್ತಿದ್ದರು. ಆದರೆ ಹತ್ತುವ ರೋಗ ಅಂದರೆ ಅವರ ಮೈಯೊಳಗೆ ಒಂದು ಹಳೆಯ ಅಂಜಿಕೆ ಇತ್ತು. ಸಣ್ಣವರಿದ್ದಾಗ ಸಿಡುಬು ಬಂದು ಅವರ ತಮ್ಮ ಹೋಗಿಬಿಟ್ಟಿದ್ದ. ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯ ಜೊತೆ ಬಿದ್ದುಕೊಂಡು ಇವರು ಉಳಿದುಕೊಂಡಿದ್ದರು. ಗಲ್ಲದ ಮೇಲಿನ ಕುಳಿಗಳು ಆಗಿನವು. ಹತ್ತುವುದಾದರೆ ಹೇಗೆ ಹತ್ತುತ್ತದೆ ಅಂತ ಅವರು ಕಣ್ಣಾರೆ ಕಂಡವರು. ಇದೂ ಹಾಗೇ ಏನೋ, ಯಾರಿಗೆ ಗೊತ್ತು?

ಸಂಜೆ ಹುಲ್ಲಪ್ಪನನ್ನು ಕರೆದು ಹೇಳಿದರು: "ಬೇಟಾ, ಸ್ವಲ್ಪ ದಿನ ಮಟ್ಟಿಗೆ ಇಳಿಬ್ಯಾಡ. ಹೊರಗ ದಂಡ, ಬೈಠಕ್ ಹೊಡಿ. ಮಾರಿ ಸ್ವಚ್ಛ ಆದಮ್ಯಾಲ ಬಾ."

"ಆತ್ರಿ ಉಸ್ತಾದರ," ಅಂದ ಹುಡುಗ. ಅಷ್ಟೇ.

ಆಮೇಲೆ ಹುಲ್ಲಪ್ಪ ತನ್ನ ಗಂಗಾಳ ತಾನೇ ತೊಳೆದು ಬೇರೆ ಇಡತೊಡಗಿದ. ಕಟ್ಟೆ ಬಿಟ್ಟು ಅಂಗಳದ ಬೇವಿನ ಗಿಡದ ಬುಡದಲ್ಲಿ ಕೂತು ಉಂಡ. ಯಾರೋ ಇಟ್ಟಂಗಿ ಪುಡಿ ತಿಕ್ಕು ಅಂದರು, ತಿಕ್ಕಿದ. ಇನ್ಯಾರೋ ಅರಿವೆ ಒಗೆಯುವ ಸೋಡಾ ಹಚ್ಚು ಅಂದರು, ಹಚ್ಚಿದ. ಮುಖ ಉರಿದು ಇನ್ನೂ ಕೆಂಪಾಯಿತು. ಒಂದು ಬೆಳಿಗ್ಗೆ ನೋಡಿದರೆ ಕೋಣೆಯಲ್ಲಿ ಅವನ ಗಂಟು ಇಲ್ಲ, ಅವನೂ ಇಲ್ಲ.

"ಊರಿಗೆ ಹೋಗಿರಬೇಕು, ಬರ್ತಾನ," ಅಂದರು ಉಸ್ತಾದರು.

ನಾಲ್ಕು ದಿನವಾದರೂ ಅವನು ಬರಲಿಲ್ಲ, ಐದನೆಯ ಬೆಳಿಗ್ಗೆ ಉಸ್ತಾದರು ಅದೇ ಮಾತು ಅಂದಾಗ ಹಸನಬಿ ಒಲೆಯ ಮುಂದಿನಿಂದ ಏಳಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ ಅಂದಳು: "ನಿಮ್ಮ ಮಾರಿ ನೋಡಿ ನಾನೂ ಬಾಗಲದಾಗ ನಿಂದ್ರಿಸಿದ್ರ ಹೆಂಗ ಆಗತಿತ್ರಿ? ನಿಕಾ ಆದ ದಿನ ನಿಮ್ಮ ಗಲ್ಲ ನೋಡಿ ನಮ್ಮ ಅಕ್ಕಗೋಳು ಅತ್ರು. ನಾ ಅಳಲಿಲ್ಲ."

ದಸ್ತಗೀರಸಾಬರು ತಟ್ಟೆಯ ಮುಂದಿನಿಂದ ಎದ್ದು ರುಮಾಲು ಸುತ್ತಿಕೊಂಡರು. ಮೊದಲ ಬಸ್ಸಿಗೇ ಬಾಗಲಕೋಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಲಾದಗಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮಲಕಪ್ಪನ ಮನೆ ಊರ ಅಂಚಿನಲ್ಲಿ, ಹೊಳೆಯ ಕಡೆಗೆ. ಖಾಲಿ ಕುರಿದೊಡ್ಡಿಯ ಪಕ್ಕ ಒಂದೇ ಕೋಣೆಯ ಮನೆ. ಮಾಯವ್ವ ಬಾಗಿಲಲ್ಲೇ ಕೂತಿದ್ದಳು. ಉಸ್ತಾದರನ್ನು ಅವಳು ಒಮ್ಮೆ ಮಾತ್ರ ನೋಡಿದ್ದಳು. ಗುರುತು ಹತ್ತಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಬರ್ರಿ ಯಣ್ಣಾ. ನೋಡ್ರಿ ನನ್ನ ಮಗ ಹೆಂಗ ಆಗ್ಯಾನ. ನೀರೂ ಕುಡಿವಲ್ಲ."

ಹುಲ್ಲಪ್ಪ ಕಂಬಳಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಉಸ್ತಾದರ ದನಿ ಕೇಳಿ ಇನ್ನಷ್ಟು ಗೋಡೆಗೆ ಸರಿದ. ಅವರು ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟರು. ಮೈ ಕೆಂಡದ ಹಾಗೆ ಸುಡುತ್ತಿತ್ತು.

"ಇತ್ತ ತಿರುಗೋ."

"ಬ್ಯಾಡ್ರಿ. ನಿಮಗ ಹತ್ತತೈತಿ."

ಆ ಮಾತು ದಸ್ತಗೀರಸಾಬರ ಎದೆಗೆ ನಾಟಿತು. ಅವರು ಎರಡೂ ಕೈಯಿಂದ ಅವನನ್ನು ತಮ್ಮ ಕಡೆಗೆ ಹೊರಳಿಸಿಕೊಂಡರು. ಎಡಗಲ್ಲ ಊದಿ ಕಣ್ಣು ಅರ್ಧ ಮುಚ್ಚಿತ್ತು. ಗಲ್ಲದ ನಡುವೆ ಒಂದು ಹುಣ್ಣು, ಸುತ್ತ ಕೀವು. ದಾರಿಯಲ್ಲಿ ಜಾಲಿಮುಳ್ಳು ಮುರಿದು, ಒಂದೊಂದೇ ಮೊಡವಿ ಚುಚ್ಚಿ, ಉಗುರಿನಿಂದ ಹಿಂಡಿ ತೆಗೆದಿದ್ದನಂತೆ. ಎಲ್ಲವನ್ನೂ ಕಿತ್ತು ಹಾಕಿದರೆ ಮುಖ ಸ್ವಚ್ಛ ಆಗುತ್ತದೆ, ಉಸ್ತಾದರು ಮತ್ತೆ ಮಟ್ಟಿಗೆ ಇಳಿಸುತ್ತಾರೆ ಅನ್ನುವ ಆಸೆ.

"ಏಳು," ಅಂದರು ಉಸ್ತಾದರು. "ದವಾಖಾನಿಗೆ ಹೋಗೂಣು."

ಬಾಗಲಕೋಟೆಯ ಬಸ್ಸಿನಲ್ಲಿ ಜನ ಅವನ ಮುಖ ನೋಡಿ ದೂರ ಸರಿದು ಕೂತರು. ದಸ್ತಗೀರಸಾಬರು ಹುಡುಗನ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. ಎದುರಿನ ಸೀಟಿನಲ್ಲಿ ಮಾಯವ್ವ ಇಬ್ಬರನ್ನೂ ನೋಡುತ್ತ ಕೂತಿದ್ದಳು.

ಬಾಗಲಕೋಟೆಯ ಪೇಟೆಯಲ್ಲಿ ಡಾಕ್ಟರ ಇಂದ್ರಾಬಾಯಿಯವರ ದವಾಖಾನೆ. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ದನಿ ಜೋರು. ಹುಡುಗನನ್ನು ಮುಟ್ಟುವ ಮೊದಲು ಸಾಬೂನು ಹಚ್ಚಿ ಕೈ ತೊಳೆದರು, ನೋಡಿದ ಮೇಲೆ ಮತ್ತೆ ತೊಳೆದರು.

"ಮುಳ್ಳಿಲೆ ಚುಚ್ಚಿದವರು ಯಾರು?"

ಹುಲ್ಲಪ್ಪ ನೆಲ ನೋಡಿದ.

"ಕಣ್ಣಿನ ಹಂತ್ಯಾಕ ಬಂದೈತಿ. ಇನ್ನ ತಡಾ ಮಾಡಿದ್ರ ಕಣ್ಣು ಹೋಗತಿತ್ತು, ಜೀವಕ್ಕೂ ಬರತಿತ್ತು, ತಿಳೀತೇನು?" ಬೈಯುತ್ತಲೇ ಅವರು ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಹುಣ್ಣನ್ನು ಎಷ್ಟು ಹಗುರವಾಗಿ ಒರೆಸಿದರೆಂದರೆ ಹುಡುಗ ಒಮ್ಮೆಯೂ ನರಳಲಿಲ್ಲ. ಇಂಜೆಕ್ಷನ್ ಕೊಟ್ಟು, ನಾಲ್ಕಾರು ದಿನ ಇಲ್ಲೇ ಪಡಸಾಲೆಯ ಮಂಚದ ಮೇಲೆ ಇರಲಿ ಅಂದರು.

ದಸ್ತಗೀರಸಾಬರು ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. "ಬಾಯಾರ, ಒಂದು ಮಾತು ಕೇಳಲೇನ್ರಿ? ಈ ಮೊಡವಿ ಒಬ್ಬರಿಂದ ಒಬ್ಬರಿಗೆ ಹತ್ತತೈತೇನ್ರಿ?"

"ಇಲ್ಲ."

"ಮೈಗೆ ಮೈ ತಿಕ್ಕಿದ್ರೂ?"

"ತಿಕ್ಕಿದ್ರೂ ಇಲ್ಲ, ಅವನ ಗಂಗಾಳದಾಗ ಉಂಡ್ರೂ ಇಲ್ಲ. ಅದು ಹರೇದ ಗುಳ್ಳಿ. ಈ ವಯಸ್ಸಿನ್ಯಾಗ ಚರ್ಮದೊಳಗ ಜಿಡ್ಡು ಹೆಚ್ಚಾಗತೈತಿ, ಸಣ್ಣ ತೂತು ಕಟ್ಟಿಕೊಂಡು ಗುಳ್ಳಿ ಏಳತಾವು. ಕೆಲವರಿಗೆ ನಾಲ್ಕು, ಕೆಲವರಿಗೆ ಮಾರಿ ತುಂಬ. ಅವನೇನು ಹೊಲಸು ಹುಡುಗ ಅಲ್ಲ, ಯಾರಿಂದನೂ ತಂದದ್ದೂ ಅಲ್ಲ."

ಉಸ್ತಾದರು ಮಂಚದ ಹತ್ತಿರ ಸರಿದು ಹುಡುಗನ ತಲೆಯ ಮೇಲೆ ಕೈಯಿಟ್ಟರು.

ಇಂದ್ರಾಬಾಯಿಯವರು ಅವರತ್ತ ನೋಡಿ ದನಿ ತಗ್ಗಿಸಿದರು. "ಆದ್ರ ಈಗ ಆಗೇತಲ್ಲ, ಈ ಕೀವು, ಇದು ಬ್ಯಾರೆ. ಒಡದ ಚರ್ಮದಾಗ ಹೊರಗಿನ ನಂಜು ಹೊಕ್ಕೈತಿ. ಇದು ಹತ್ತತೈತಿ. ಇವನ ಅರಿವಿ ಬ್ಯಾರೆ ಇಡ್ರಿ, ಕುದಿಯೂ ನೀರಾಗ ಹಾಕಿ ಬಿಸಲಾಗ ಒಣಗಸ್ರಿ. ಮುಟ್ಟೂಮುಂದ, ಮುಟ್ಟಿದಮ್ಯಾಲ ಕೈ ತೊಳಕೋರಿ. ಗರಡ್ಯಾಗ ಬೆವರು ಒರಸಾಕ ಏನ ಐತಿ?"

"ಬಾಗಲದಾಗ ಒಂದು ಪಂಜಾ ತೂಗ ಹಾಕೀವ್ರಿ. ಎಲ್ಲಾರೂ ಅದಕ್ಕ ಒರಸಿಕೊಳ್ತಾರ."

"ಎಂದ ಒಗಿತೀರಿ?"

ಉಸ್ತಾದರು ಕೈಯಲ್ಲಿದ್ದ ತಮ್ಮ ರುಮಾಲನ್ನು ನೋಡಿಕೊಂಡರು.

"ಹಂಗಾರ ಮೊಡವಿಗೆ ಅಂಜೂದು ಬಿಟ್ಟು ಆ ಪಂಜಾಕ್ಕ ಅಂಜ್ರಿ," ಅಂದರು ಡಾಕ್ಟರು. "ಕುಸ್ತಿ ಹಿಡಿಯವರಿಗೆ ಗಜಕರ್ಣ, ಕುರು ಎಲ್ಲಾ ಹಬ್ಬೂದು ಹಿಂಗ. ಗಾಯ ಆದವ ಅದು ಒಣಗೂತನಕ ಮಟ್ಟಿಗೆ ಇಳಿಬಾರದು. ಆಡಿದ ಮ್ಯಾಲ ಎಲ್ಲಾರೂ ಸಾಬೂನು ಹಚ್ಚಿ ಜಳಕ ಮಾಡಬೇಕು. ಇವಗ ಮಾರಿಗೆ, ಬೆನ್ನಿಗೆ ಎಣ್ಣಿ ಬ್ಯಾಡ. ದಿನಾ ಮುಂಜಾನೆ ಸಂಜಿಕ ಮೆಲ್ಲಕ ಮಾರಿ ತೊಳೀಲಿ, ತಿಕ್ಕಬಾರದು. ಇಟ್ಟಂಗಿ, ಸೋಡಾ ಅಂತ ಹೇಳಾಕ ಬಂದವರನ್ನ ನನ್ನ ಕಡೆ ಕಳಸ್ರಿ."

ಮಾಯವ್ವ ತೋಟದ ಕೂಲಿಗೆ, ಮನೆಗೆ ಅಂತ ಮರುದಿನದಿಂದ ಊರಿಗೆ ಹೋಗಿ ಬಂದು ಮಾಡಬೇಕಾಯಿತು. ಮಂಚದ ಹತ್ತಿರ ಉಳಿದವರು ಉಸ್ತಾದರು. ನೀರು ಕುದಿಸುವರು, ಮೊಣಕೈತನಕ ಸಾಬೂನು ಹಚ್ಚಿ ಕೈ ತೊಳೆಯುವರು, ಬಿಸಿಯ ಅರಿವೆ ಹಿಂಡಿ ಗಲ್ಲದ ಮೇಲೆ ಇಡುವರು. ಆನೆಯಂಥ ಪೈಲವಾನರನ್ನು ಎತ್ತಿ ಒಗೆದ ಆ ದಪ್ಪ ಬೆರಳುಗಳು ಮುಲಾಮನ್ನು ಎಳ್ಳಷ್ಟು ಎಳ್ಳಷ್ಟೇ ತೆಗೆದು ಹಚ್ಚುತ್ತಿದ್ದವು.

ಒಂದು ಮಧ್ಯಾಹ್ನ ಜ್ವರ ಇಳಿದಿತ್ತು. ಹುಲ್ಲಪ್ಪ ಕೇಳಿದ: "ಉಸ್ತಾದರ, ನಿಮಗ ಅಂಜಿಕಿ ಬರೂದಿಲ್ಲೇನ್ರಿ?"

"ಬರತಿತ್ತೋ. ಅದಕ್ಕ ನಿನ್ನ ಹೊರಗ ಕುಂದ್ರಿಸಿದ್ನಿ." ಅವರು ಅರಿವೆಯನ್ನು ನೀರಿಗೆ ಅದ್ದಿದರು. "ನನಗ ಸಿಡುಬ ಬಂದಾಗ ಊರ ಹೊರಗ ಗುಡಿಸಲದಾಗ ಹಾಕಿದ್ರು. ಅದು ಖರೇನ ಹತ್ತೂ ಬ್ಯಾನಿ. ಆದ್ರೂ ನಮ್ಮವ್ವ ನನ್ನ ಜೋಡೀನ ಬಂದು ಕುಂತಳು. ನನ್ನ ತಲಿ ತೊಡಿಮ್ಯಾಲ ಇಟಗೊಂಡು ಬೇವಿನ ಟೊಂಗಿಲೆ ಗಾಳಿ ಹಾಕತಿದ್ಲು. ಹತ್ತೂ ಬ್ಯಾನಿಯಾಗ ಆಕಿ ಬಿಟ್ಟು ಹೋಗಲಿಲ್ಲ. ಹತ್ತಲಾರದ್ದಕ್ಕ ನಾ ನಿನ್ನ ಬಿಟ್ನಿ ನೋಡು."

ಹುಲ್ಲಪ್ಪ ಅವರ ಗಲ್ಲದ ಕುಳಿಗಳನ್ನು ನೋಡುತ್ತ ಕೇಳಿದ: "ಭಾಳ ನೋಯ್ತಿತ್ತೇನ್ರಿ?"

ಅಷ್ಟು ವರ್ಷದಲ್ಲಿ ಅವರನ್ನು ಯಾರೂ ಅದನ್ನು ಕೇಳಿರಲಿಲ್ಲ. ದಸ್ತಗೀರಸಾಬರು ಹೌದು ಅಂತ ತಲೆ ಆಡಿಸಿದರು.

ಗಾಯ ಪೂರ್ತಿ ಮಾಯಲಿ ಅಂತ ಹುಡುಗನನ್ನು ಕಲಾದಗಿಗೆ ಕಳಿಸಿ ಉಸ್ತಾದರು ಹುನಗುಂದಕ್ಕೆ ಮರಳಿದರು. ಬಂದವರೇ ಮೊದಲು ಬಾಗಿಲ ಪಂಜಾ ತೆಗೆದು ಒಲೆಗೆ ಹಾಕಿದರು. ಒಬ್ಬೊಬ್ಬರಿಗೂ ತಮ್ಮ ತಮ್ಮ ಪಂಜಾ, ತಮ್ಮ ತಮ್ಮ ಲಂಗೋಟಿ. ಉಗುರು ಬೆಳೆದವನು ಕತ್ತರಿಸಿಕೊಂಡೇ ಕಣಕ್ಕೆ ಇಳಿಯಬೇಕು. ಕೆರೆದ ಗಾಯವಿದ್ದರೆ ಮುಚ್ಚಿಡದೆ ತೋರಿಸಬೇಕು.

ಹುಡುಗರು ಒಬ್ಬೊಬ್ಬರೇ ತೋರಿಸಿದರು. ಹೊಳಬಸಪ್ಪ ಮಾತ್ರ ಮೂಲೆಯಲ್ಲಿ ನಿಂತಿದ್ದ. ಉಸ್ತಾದರು ಅವನನ್ನು ಹಿತ್ತಲಿಗೆ ಒಬ್ಬನನ್ನೇ ಕರೆದೊಯ್ದರು. ಸೊಂಟದ ಸುತ್ತ, ಲಂಗೋಟಿಯ ಕಟ್ಟಿನ ಕೆಳಗೆ, ಬಳೆಯ ಹಾಗೆ ದುಂಡಗೆ ಎದ್ದ ಗಜಕರ್ಣ. ಎಷ್ಟೋ ದಿನದಿಂದ ಕೆರೆದುಕೊಳ್ಳುತ್ತ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

"ಇದು ಹತ್ತತೈತೋ ತಮ್ಮಾ," ಅಂದರು ಮೆಲ್ಲಗೆ.

ಹೊಳಬಸಪ್ಪನ ಕಣ್ಣಲ್ಲಿ ನೀರು ಬಂತು. "ಎಲ್ಲಾರ ಮುಂದ ಹೇಳಬ್ಯಾಡ್ರಿ ಉಸ್ತಾದರ."

"ಯಾಕ ಹೇಳಲಿ? ಮುಲಾಮು ಹಚ್ಚಿದ್ರ ಹೋಗೂದು. ಮಾಯೂತನಕ ನೀ ಹೊರಗ ಸಾಮು ಮಾಡು, ನಾನೂ ನಿನ್ನ ಜೋಡಿ ಹೊರಗ ಕುಂಡ್ರತೇನಿ."

ಹಾಗೇ ಕೂತರು. ಕಟ್ಟೆ ಬಿಟ್ಟು ಬೇವಿನ ಗಿಡದ ಕೆಳಗೆ ಕೂತು, ಅವನಿಗೆ ಕಾಲಿನ ಪಟ್ಟುಗಳನ್ನು ಬಾಯಲ್ಲೇ ಹೇಳಿಕೊಟ್ಟರು. ಅಂದಾನಪ್ಪನವರಿಗೆ ಮೊಮ್ಮಗನೇ ಹೇಳಿರಬೇಕು. ಅವರು ಒಂದು ಸಂಜೆ ಬಂದು, ಗಿಡದ ಕೆಳಗೆ ಇಬ್ಬರನ್ನೂ ನೋಡಿ, ಬಹಳ ಹೊತ್ತು ಬಾಗಿಲಲ್ಲೇ ನಿಂತರು. "ಆ ಕಲಾದಗಿ ಹುಡುಗ ಹೆಂಗದಾನ್ರಿ?" ಅಂದರು ಕಡೆಗೆ. ಮುಂದಿನ ಸಲ ಅಂಗಡಿಯಿಂದ ಎಣ್ಣೆ ಡಬ್ಬಿಯ ಜೊತೆ ಒಂದು ಚೀಲ ಸಾಬೂನು ಬಂತು.

ಹುಲ್ಲಪ್ಪ ತಿರುಗಿ ಬಂದ ದಿನ ಮಾಯವ್ವನೂ ಜೊತೆಗೆ ಬಂದಿದ್ದಳು. ಹುಣ್ಣು ಮಾಯ್ದು ಕಲೆಯಾಗಿತ್ತು. ಮೊಡವಿ ಮಾತ್ರ ಹೋಗಿರಲಿಲ್ಲ. ಹಣೆಯ ಮೇಲೆ ಹೊಸವು ಎದ್ದಿದ್ದವು. ಅವನು ಕಣದ ಅಂಚಿನಲ್ಲಿ ನಿಂತ. ಉಸ್ತಾದರು ಎಷ್ಟು ಹೇಳಿದ್ದರೂ ಹುಡುಗರ ಕಾಲು ಮುಂದೆ ಬರಲಿಲ್ಲ. ಕೇಳುವುದು ಬೇರೆ, ನಂಬುವುದು ಬೇರೆ.

ದಸ್ತಗೀರಸಾಬರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಲುಂಗಿ ಕಳೆದರು. ಒಳಗೆ ಲಂಗೋಟಿ ಬಿಗಿದುಕೊಂಡೇ ಬಂದಿದ್ದರು ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಎದೆಯ ಮೇಲೆ ಬಿಳಿ ಕೂದಲು, ಜೋತ ತೋಳು. ಕೆಮ್ಮಣ್ಣು ಹಣೆಗೆ ಹಚ್ಚಿಕೊಂಡು ಮಟ್ಟಿಗೆ ಇಳಿದರು.

"ಬಾರಲೇ ಹುಲ್ಲ್ಯಾ. ಹಿಡಿ."

"ನಿಮ್ಮ ಜೋಡಿ ಹೆಂಗ್ರಿ?"

"ಹಿಡಿ ಅಂದ್ರ ಹಿಡೀಬೇಕು."

ಇಬ್ಬರ ಕೈ ಕೂಡಿದವು. ಮುದುಕರು ಮುಂದೆ ನುಗ್ಗಿ ಹುಡುಗನ ಕುತ್ತಿಗೆಗೆ ತೋಳು ಹಾಕಿ, ತಮ್ಮ ಗಲ್ಲವನ್ನು ಅವನ ಗಲ್ಲಕ್ಕೆ ಒತ್ತಿದರು. ಸಿಡುಬಿನ ಕುಳಿಯ ಗಲ್ಲ, ಮೊಡವಿಯ ಗಲ್ಲ. ಹಾಗೇ ಹಿಡಿದು ನಿಂತರು. ಹುಡುಗನ ಉಸಿರು ಬಿಕ್ಕಿಬಿಕ್ಕಿ ಬರುವುದು ಅವರ ಕಿವಿಗೆ ಕೇಳುತ್ತಿತ್ತು.

"ಅಳಬ್ಯಾಡ, ಕಾಲು ಸಡಲ ಬಿಟ್ಟಿ ನೋಡು," ಅಂದರು ಅವನಿಗೆ ಮಾತ್ರ ಕೇಳುವ ಹಾಗೆ.

ಹುಲ್ಲಪ್ಪ ಕಾಲು ಬಿಗಿ ಮಾಡಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಗ್ಗಾಡಿ, ಕಡೆಗೆ ಸೊಂಟದ ಮೇಲೆ ಏರಿಸಿಕೊಂಡು ಅವರನ್ನು ಕೆಡವಿದ. ಕೆಡವುವಾಗ ತಲೆ ನೆಲಕ್ಕೆ ತಾಗದ ಹಾಗೆ ಅಂಗೈಯನ್ನು ಅವರ ಕುತ್ತಿಗೆಯ ಕೆಳಗೆ ಇಟ್ಟಿದ್ದ. ಉಸ್ತಾದರು ಮಣ್ಣಲ್ಲಿ ಬಿದ್ದು ನಗತೊಡಗಿದರು. ಗರಡಿಯೆಲ್ಲ ನಕ್ಕಿತು. ಆ ನಗೆಯ ನಡುವೆಯೇ ಹೊಳಬಸಪ್ಪ ಅಂಗಿ ಬಿಚ್ಚಿದ. ಅವನ ಗಜಕರ್ಣ ಆಗಲೇ ಮಾಯ್ದಿತ್ತು.

"ಇನ್ನ ನನ್ನ ಪಾಳಿ," ಅಂದ.

ಹೊರಗೆ, ತಗ್ಗಿನ ಬಾಗಿಲಿನಿಂದ ಬಗ್ಗಿ ನೋಡುತ್ತಿದ್ದ ಮಾಯವ್ವ ಅಲ್ಲೇ ನೆಲಕ್ಕೆ ಕೂತು ಅತ್ತಳು. ಹಸನಬಿ ಅವಳನ್ನು ಎಬ್ಬಿಸಿ ಒಳಗೆ ಕರೆದೊಯ್ದು ಚಹಾ ಕುಡಿಸಿದಳು.

ಹುಲ್ಲಪ್ಪನ ಮೊಡವಿ ಇನ್ನೂ ಮೂರು ನಾಲ್ಕು ವರ್ಷ ಬರುತ್ತ ಹೋಗುತ್ತ ಇದ್ದವು. ಅವನು ಮುಳ್ಳು ಮುಟ್ಟಲಿಲ್ಲ, ಉಗುರು ತಾಗಿಸಲಿಲ್ಲ. ಬೆಳಿಗ್ಗೆ ಸಂಜೆ ಬಾವಿಯ ನೀರಲ್ಲಿ ಮುಖ ತೊಳೆದು, ಹೆಚ್ಚಾದಾಗ ಬಾಗಲಕೋಟೆಗೆ ಹೋಗಿ ಡಾಕ್ಟರ ಬಾಯಾರಿಗೆ ತೋರಿಸಿ ಬರುವನು. ಒಂದು ದಿನ ಅವು ತಾವೇ ಬರುವುದನ್ನು ನಿಲ್ಲಿಸಿದವು. ಗಲ್ಲದ ಮೇಲೆ ಒಂದಿಷ್ಟು ತಗ್ಗು, ಕಲೆ ಉಳಿದವು. ಬಾದಾಮಿ, ಇಲಕಲ್ಲು ಕಡೆಯ ಕುಸ್ತಿಗಳಲ್ಲಿ ಅವನ ಹೆಸರು ಕೇಳತೊಡಗಿತು.

ಎಂಬತ್ತನೇ ಇಸವಿ ದಾಟಿದ ಮೇಲೆ ಅವನಿಗೆ ಬಾದಾಮಿಯ ಹತ್ತಿರದ ಹಳ್ಳಿಯಿಂದ ಹೆಣ್ಣು ನೋಡಿದರು. ಹುಡುಗಿಯ ಹೆಸರು ರೇಣವ್ವ. ಹೋಗಿ ಬಂದವನು ಸೀದಾ ಗರಡಿಗೆ ಬಂದ. ಆಗ ದಸ್ತಗೀರಸಾಬರಿಗೆ ಮೊಣಕಾಲು ಹಿಡಿದುಕೊಂಡಿತ್ತು, ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು.

"ಏನಂದ್ಲೋ ಹುಡುಗಿ?"

"ನಾನ ಮದಲ ಹೇಳಿದ್ನಿರಿ, ನನ್ನ ಮಾರಿಮ್ಯಾಲ ಕಲೆ ಅದಾವು, ಸರಿಯಾಗಿ ನೋಡಿಬಿಡವಾ ಅಂತ. ಆಕಿ ಹಂತ್ಯಾಕ ಬಂದು ನೋಡಿದ್ಲರಿ."

"ಆಮ್ಯಾಲ?"

"'ಕಲೆ ಇರಲಿ, ಈ ಕಿವಿ ಯಾಕ ಹಿಂಗ ಹೋಳಿಗಿ ಮಡಚಿದಂಗ ಆಗ್ಯಾವು?' ಅಂತ ಕೇಳಿದ್ಲರಿ."

ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದ್ದೆಯಾದ ಅವನ ಎರಡೂ ಕಿವಿ ಹೇಳುವಾಗಲೇ ಕೆಂಪಾಗಿದ್ದವು. ದಸ್ತಗೀರಸಾಬರು ನಕ್ಕರು, ಕೆಮ್ಮು ಬರುವತನಕ ನಕ್ಕರು. ಒಳಗಿದ್ದ ಹಸನಬಿ ಏನಾಯಿತೋ ಅಂತ ಓಡಿ ಬಂದಳು.

"ಏನಿಲ್ಲ," ಅಂದರು ಅವರು ಕಣ್ಣೊರೆಸಿಕೊಳ್ಳುತ್ತ. "ನಮ್ಮ ಹುಡುಗಗ ಹುಡುಗಿ ಸಿಕ್ಕಾಳ. ಬಾಯಿ ಸಿಹಿ ಮಾಡು."